ಜಾತಿಯ ಬೈಗುಳ ಎಂದಾದರೂ ಮೊಂಡಾಗುತ್ತದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಜನಾಂಗದ ಹೆಸರು ಹಿಡಿದು ಬೈಯುವ ಪದಕ್ಕೆ ಕಾಲ ಕಳೆದಂತೆ ನೋಯಿಸುವ ಶಕ್ತಿ ಕುಂದುತ್ತದೆಯೇ ಎಂಬ ಚರ್ಚೆ ಅಮೆರಿಕದಲ್ಲಿ ದಶಕಗಳಿಂದ ನಡೆದಿದೆ. ನಮ್ಮಲ್ಲಿ ಆ ಚರ್ಚೆ ನಡೆಯಬೇಕಾದ್ದು ಜಾತಿಯ ಹೆಸರುಗಳ ಸುತ್ತ. ಕಾಲೇಜುಗಳಿಗೆ, ಶಿಕ್ಷಕರ ತರಬೇತಿಗಳಿಗೆ ಮಾತಾಡಲು ಹೋದಾಗ ಸಭೆಯಲ್ಲಿ ಯಾರೂ ಏನೂ ಕೇಳುವುದಿಲ್ಲ. ಚಹಾ ಕುಡಿಯುವ ಹೊತ್ತಿಗೆ ಒಬ್ಬೊಬ್ಬರಾಗಿ ಹತ್ತಿರ ಬಂದು, ದನಿ ತಗ್ಗಿಸಿ ಕೇಳುತ್ತಾರೆ. ಹಾಗೆ ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಒಟ್ಟು ಮಾಡಿದ್ದೇನೆ.

ಆ ಪದಗಳನ್ನು ಇಲ್ಲಿ ನೇರವಾಗಿ ಬರೆದಿದ್ದೀರಲ್ಲ, ಸರಿಯೇ?

ಹೊಲೆಯ, ಮಾದಿಗ ಎಂಬುವು ಬರಿಯ ಬೈಗುಳಗಳಾಗಿದ್ದರೆ ಚುಕ್ಕಿ ಹಾಕಿ ಮುಂದೆ ಹೋಗಬಹುದಿತ್ತು. ಅವು ಲಕ್ಷಾಂತರ ಜನರ ಸಮುದಾಯದ ಹೆಸರು. ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿವೆ, ತಹಶೀಲ್ದಾರರು ಸಹಿ ಹಾಕುವ ಪ್ರಮಾಣಪತ್ರದಲ್ಲಿ ಅಚ್ಚಾಗುತ್ತವೆ. ಅವುಗಳ ಮೇಲೆ ಚುಕ್ಕಿ ಹಾಕಿದರೆ ಹೆಸರೇ ಬಾಯಲ್ಲಿ ಆಡಬಾರದಂಥದ್ದು ಎಂದು ಒಪ್ಪಿಕೊಂಡಂತಾಗುತ್ತದೆ. ಅಮೆರಿಕದ ಕರಿಯ ಜನರ ಮೇಲೆ ಬಳಸುವ 'ಎನ್' ಪದದ ಸಂಗತಿ ಬೇರೆ. ಯಾರೂ ಅದನ್ನು ಅರ್ಜಿಯ ಖಾನೆಯಲ್ಲಿ ತುಂಬುವುದಿಲ್ಲ. ಅದನ್ನು ಬರೆಯದೆಯೂ ಅದರ ಬಗ್ಗೆ ಮಾತಾಡಬಹುದು, ಹಾಗೆಯೇ ಮಾತಾಡಿದ್ದೇನೆ.

ನಮ್ಮ ಪೇಚು ಇಲ್ಲೇ ಶುರುವಾಗುತ್ತದೆ. ಕೆಲವು ಬೈಗುಳಗಳನ್ನು ನಿಘಂಟಿನಿಂದ ಕಿತ್ತು ಹಾಕಿದರೆ ಯಾರಿಗೂ ನಷ್ಟವಿಲ್ಲ. ಆದರೆ ಜಾತಿಯ ಬೈಗುಳವನ್ನು ಕಿತ್ತರೆ ಅದರ ಜೊತೆಗೆ ಒಬ್ಬ ವಿದ್ಯಾರ್ಥಿಯ ಹಾಸ್ಟೆಲ್ ಸೀಟೂ ಕಿತ್ತು ಬರುತ್ತದೆ.

ಸುತ್ತಿ ಬಳಸದೆ ಹೇಳಿ: ಬೈಗುಳದ ಶಕ್ತಿ ಹೋಗುತ್ತದೆಯೋ ಇಲ್ಲವೋ?

ಹೋಗುತ್ತದೆ. ಹೋಗಿರುವ ಉದಾಹರಣೆಗಳಿವೆ. ಇಂಗ್ಲೆಂಡಿನ ಟೋರಿ ಪಕ್ಷದ ಹೆಸರು ಮೊದಲು ಐರ್ಲೆಂಡಿನ ದರೋಡೆಕೋರರಿಗೆ ಇದ್ದದ್ದು. ಎದುರಾಳಿಗಳು ಅಣಕಿಸಲೆಂದು ಅಂಟಿಸಿದರು. ಕ್ವೇಕರ್ ಎಂಬ ಕ್ರೈಸ್ತ ಪಂಥದ್ದೂ ಗೇಲಿಗಾಗಿ ಹುಟ್ಟಿದ ಹೆಸರೇ. ಈಗ ಆ ಎರಡೂ ಮಾತು ಕೇಳಿ ಯಾರ ಮುಖವೂ ಕೆಂಪಾಗುವುದಿಲ್ಲ. ನಮ್ಮಲ್ಲಿ 'ಮ್ಲೇಚ್ಛ' ಒಂದು ಕಾಲಕ್ಕೆ ಘೋರ ಪದ. ಇಂದು ಬೆಂಗಳೂರಿನಲ್ಲಿ ಕೆಲಸ ಮಾಡುವ ಜರ್ಮನ್ ಎಂಜಿನಿಯರನ್ನು ಯಾರಾದರೂ ಹಾಗೆಂದರೆ ಅಕ್ಕಪಕ್ಕದವರು ನಗುತ್ತಾರೆ, ಅವನಿಗೇನೂ ಆಗುವುದಿಲ್ಲ. ಅವನಿಗೆ ಬಾಡಿಗೆ ಮನೆ ಸಿಗದೆ ಹೋಗುವುದಿಲ್ಲ, ಬಾವಿಯಿಂದ ಯಾರೂ ಅಟ್ಟುವುದಿಲ್ಲ. ಅದೇ ಪದವನ್ನು ಇಲ್ಲಿನ ಮುಸ್ಲಿಮರ ಕಡೆಗೆ ತಿರುಗಿಸಿ ಎಸೆದವರೂ ಇದ್ದಾರೆ. ಅಲ್ಲಿ ಅದಕ್ಕೆ ಹರಿತ ಉಳಿದೇ ಇದೆ.

ಆದ್ದರಿಂದ ನನ್ನ ಉತ್ತರ ಇಷ್ಟು: ಬೈಸಿಕೊಂಡವನಿಗೆ ಆ ಹೆಸರಿನ ಕಾರಣಕ್ಕೆ ಏನೂ ತಪ್ಪಿಹೋಗದಿರುವ ದಿನ ಬಂದಾಗ ಪದ ತಾನಾಗಿಯೇ ಸಪ್ಪಗಾಗುತ್ತದೆ. ಅದಕ್ಕೆ ಮೊದಲು ಪದಕ್ಕೆ ಮಾಡುವ ಚಿಕಿತ್ಸೆಗಳು ಹಲವು. ಅವುಗಳಲ್ಲಿ ಕೆಲವಕ್ಕೆ ದೊಡ್ಡ ಪ್ರಯೋಜನವಿದೆ, ಕೆಲವು ಬರಿಯ ಸುಣ್ಣ ಬಳಿಯುವ ಕೆಲಸ.

ಹಳೆಯ ಹೆಸರು ಬಿಟ್ಟು ಗೌರವದ ಹೊಸ ಹೆಸರು ಕೊಟ್ಟರೆ ಸಮಸ್ಯೆ ಮುಗಿಯುವುದಿಲ್ಲವೇ?

ಈ ಪ್ರಯೋಗವನ್ನು ನೂರು ವರ್ಷಗಳಿಂದ ಮಾಡಿ ನೋಡಿದ್ದೇವೆ.

ಮೈಸೂರು ಸಂಸ್ಥಾನದ ದಾಖಲೆಗಳಲ್ಲಿ ಈ ಸಮುದಾಯಗಳಿಗೆ ಮೊದಲು 'ಪಂಚಮ', ಅಂದರೆ ನಾಲ್ಕು ವರ್ಣಗಳ ಆಚೆಯ ಐದನೆಯವರು, ಎಂದಿತ್ತು. 1920ರ ದಶಕದಲ್ಲಿ ಆ ಜಾಗಕ್ಕೆ 'ಆದಿ ಕರ್ನಾಟಕ', 'ಆದಿ ದ್ರಾವಿಡ' ಬಂದವು. ಹೆಸರಿನಲ್ಲಿ ಹೆಮ್ಮೆ ತುಂಬಿತ್ತು: ಈ ನೆಲದ ಮೊದಲಿಗರು ನಾವು ಎಂಬ ಹಕ್ಕಿನ ಮಾತು. ಆಮೇಲೆ ಏನಾಯಿತೆಂದು ತಿಳಿಯಲು ಹಳೆ ಮೈಸೂರಿನ ಯಾವುದಾದರೂ ಹಳ್ಳಿಗೆ ಹೋಗಿ ನೋಡಬೇಕು. ಬಸ್ ನಿಲ್ದಾಣ, ಹಾಲಿನ ಡೇರಿ, ದೇವಸ್ಥಾನ, ಅರಳಿಕಟ್ಟೆ ದಾಟಿ, ಡಾಂಬರು ಮುಗಿದು ಮಣ್ಣು ರಸ್ತೆ ಶುರುವಾಗುವ ಕಡೆ 'ಎ.ಕೆ. ಕಾಲೋನಿ' ಎಂಬ ಹಳದಿ ಫಲಕ. 'ಆದಿ ಕರ್ನಾಟಕ' ಎರಡಕ್ಷರಕ್ಕೆ ಕುಗ್ಗಿದೆ. ಊರವರು "ಅವನು ಎ.ಕೆ." ಎಂದು ಹೇಳುವಾಗ ದನಿ ಇಳಿಯುತ್ತದೆ, ಕಣ್ಣು ಆಚೀಚೆ ನೋಡುತ್ತದೆ. ಹಿಂದೆ ಹೊಲಗೇರಿ ಎನ್ನುವಾಗ ದನಿ ಇಳಿಸುವ ಸೌಜನ್ಯವೂ ಇರಲಿಲ್ಲ ಎನ್ನುವುದಾದರೆ, ಸರಿ, ಅಷ್ಟು ಪ್ರಗತಿ ಆಗಿದೆ. ಮನೆಗಳು ಮಾತ್ರ ಹಿಂದಿನ ಜಾಗದಲ್ಲೇ ಇವೆ.

'ಹರಿಜನ'ದ ಕಥೆ ಇನ್ನೂ ಸ್ಪಷ್ಟ. ಗಾಂಧೀಜಿ ಒಳ್ಳೆಯ ಮನಸ್ಸಿನಿಂದಲೇ ಆ ಹೆಸರನ್ನು ಪ್ರಚಾರಕ್ಕೆ ತಂದರು, 1933ರಲ್ಲಿ ಅದೇ ಹೆಸರಿನ ವಾರಪತ್ರಿಕೆ ಶುರು ಮಾಡಿದರು. ಅಂಬೇಡ್ಕರರಿಗೆ ಅದು ಹಿಡಿಸಲಿಲ್ಲ. 1938ರಲ್ಲಿ ಬಾಂಬೆ ಶಾಸನಸಭೆಯಲ್ಲಿ ಆ ಪದ ಕಾನೂನಿನ ಭಾಷೆಗೆ ಸೇರುವುದನ್ನು ವಿರೋಧಿಸಿ ತಮ್ಮ ಪಕ್ಷದವರೊಂದಿಗೆ ಹೊರನಡೆದರು. 1982ರಲ್ಲಿ ಕೇಂದ್ರ ಗೃಹ ಸಚಿವಾಲಯ ಜಾತಿ ಪ್ರಮಾಣಪತ್ರಗಳಲ್ಲಿ 'ಹರಿಜನ' ಎಂದು ಬರೆಯಬಾರದೆಂದು ರಾಜ್ಯಗಳಿಗೆ ಸೂಚಿಸಿತು. 2017ರಲ್ಲಿ ಸುಪ್ರೀಂ ಕೋರ್ಟ್ ಈ ಪದವನ್ನು ಇಂದು ಅವಮಾನಿಸಲೆಂದೇ ಬಳಸಲಾಗುತ್ತಿದೆ ಎಂದಿತು. ದೇವರ ಮಕ್ಕಳು ಎಂದು ಕರೆದದ್ದು ಒಂದು ಶತಮಾನ ತುಂಬುವ ಮೊದಲೇ ಬೈಗುಳವಾಯಿತು.

ಇದಕ್ಕಿಂತ ವಿಚಿತ್ರವಾದದ್ದು 'ಕಾಲೋನಿ'. ಪದದಲ್ಲಿ ಜಾತಿಯ ವಾಸನೆಯೇ ಇಲ್ಲ. ರೈಲ್ವೆ ಕಾಲೋನಿ ಇದೆ, ಬ್ಯಾಂಕ್ ಕಾಲೋನಿ ಇದೆ, ಅಲ್ಲಿರುವವರು ವಿಳಾಸವನ್ನು ಹೆಮ್ಮೆಯಿಂದಲೇ ಹೇಳುತ್ತಾರೆ. ಆದರೂ ಕೇರಳ ಸರ್ಕಾರ 2024ರ ಜೂನ್‌ನಲ್ಲಿ ಪರಿಶಿಷ್ಟರ ವಾಸದ ಜಾಗಗಳಿಗೆ ಆ ಪದ ಬಳಸುವುದನ್ನು ಕೈಬಿಡಲು ಆದೇಶಿಸಿತು. 2025ರ ಏಪ್ರಿಲ್‌ನಲ್ಲಿ ತಮಿಳುನಾಡು ಮುಖ್ಯಮಂತ್ರಿ ಸರ್ಕಾರಿ ದಾಖಲೆಗಳಿಂದ ಅದನ್ನು ತೆಗೆಯುವುದಾಗಿ ವಿಧಾನಸಭೆಯಲ್ಲಿ ಘೋಷಿಸಿದರು. ಬರಿಯ ಒಂದು ಇಂಗ್ಲಿಷ್ ಪದ, ಯಾರು ಎಲ್ಲಿ ಇರಬೇಕು ಎಂಬ ಹಳೆಯ ಕಟ್ಟಳೆಯ ಪಕ್ಕದಲ್ಲಿ ಕೆಲವು ದಶಕ ಕೂತು ಮೈಲಿಗೆ ಅಂಟಿಸಿಕೊಂಡಿತು.

ಹಾಗಾದರೆ ಹೆಸರು ಬದಲಿಸುವುದು ವ್ಯರ್ಥವೇ?

ವ್ಯರ್ಥವೇನಲ್ಲ. ಹಳೆಯ ಪದವನ್ನು ದಾಖಲೆಯಿಂದ ತೆಗೆದರೆ ಸರ್ಕಾರವೇ ಬೈಯುವುದು ನಿಲ್ಲುತ್ತದೆ. ಅದು ಸಣ್ಣ ಸಂಗತಿಯಲ್ಲ. ಬಂಗಾಳದಲ್ಲಿ ಜನಗಣತಿಯವರು 'ಚಂಡಾಲ' ಎಂದು ಬರೆದುಕೊಳ್ಳುತ್ತಿದ್ದ ಸಮುದಾಯ ವರ್ಷಗಟ್ಟಲೆ ಹೋರಾಡಿ 1911ರ ಗಣತಿಯಲ್ಲಿ 'ನಾಮಶೂದ್ರ' ಎಂಬ ಹೆಸರನ್ನು ಗಳಿಸಿಕೊಂಡಿತು. ಹೋರಾಡುತ್ತ ಸಂಘಟಿತರಾದರು, ಶಾಲೆ ಕಟ್ಟಿದರು, ರಾಜಕೀಯ ಬಲ ಪಡೆದರು. ಹೆಸರಿಗಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಹೆಸರಿಗಾಗಿ ನಡೆದ ಹೋರಾಟ ಎಂದು ನನಗನ್ನಿಸುತ್ತದೆ. ಮೇಲಿನಿಂದ ದಾನವಾಗಿ ಬಂದ 'ಹರಿಜನ'ಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅಲ್ಲಿಯೇ.

ನಮ್ಮ ಮನೆಗಳಲ್ಲಿ 'ಚಂಡಾಲ' ಇನ್ನೂ ಕ್ರೂರಿ ಎಂಬರ್ಥದಲ್ಲಿ ಸಲೀಸಾಗಿ ಬಳಕೆಯಾಗುತ್ತದೆ. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿಯೂ ಆ ಹೆಸರಿದೆ ಎಂದು ಹೇಳಿದರೆ ಬಹಳ ಮಂದಿ ಬೆಚ್ಚುತ್ತಾರೆ.

ಈಗ ಎಲ್ಲರೂ 'ಎಸ್ಸಿ' ಎನ್ನುತ್ತಾರೆ. ಅದು ಸಂವಿಧಾನದ ಪದ. ಅದರಲ್ಲೇನು ನೋವು?

ಒಂದು ತರಗತಿಯನ್ನು ಕಲ್ಪಿಸಿಕೊಳ್ಳಿ. ಕಲ್ಪನೆಯೇನೂ ಬೇಡ, ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ಇದು ನೆನಪಿರುತ್ತದೆ. ವಿದ್ಯಾರ್ಥಿವೇತನದ ಅರ್ಜಿ ಬಂದಿದೆ. ಮೇಷ್ಟ್ರು ಬಾಗಿಲಲ್ಲಿ ನಿಂತು "ಎಸ್ಸಿ, ಎಸ್ಟಿ ಹುಡುಗರೆಲ್ಲ ಎದ್ದು ನಿಲ್ಲಿ" ಎನ್ನುತ್ತಾರೆ. ದನಿಯಲ್ಲಿ ಸಿಟ್ಟಿಲ್ಲ, ತಿರಸ್ಕಾರವಿಲ್ಲ, ತಲೆ ಎಣಿಸಿ ಅರ್ಜಿ ತರಬೇಕು ಅಷ್ಟೇ. ಮೂರನೆಯ ಬೆಂಚಿನ ಹುಡುಗ ಅರ್ಧ ಎದ್ದು, ಪಕ್ಕದವನ ಮುಖ ನೋಡಿ, ಮತ್ತೆ ಕೂರಲೂ ಆಗದೆ ಬೆಂಚಿನ ಅಂಚು ಹಿಡಿದುಕೊಂಡು ನಿಲ್ಲುತ್ತಾನೆ. ನಿನ್ನೆಯವರೆಗೂ ಅವನ ಜೊತೆ ಬುತ್ತಿ ಹಂಚಿಕೊಂಡವನಿಗೆ ಇವತ್ತು ಹೊಸದೊಂದು ಸಂಗತಿ ತಿಳಿಯಿತು. ನಾಳೆ ಅವನು ಬುತ್ತಿಯನ್ನು ಬೇರೆ ಕಡೆ ಬಿಚ್ಚಬಹುದು.

ಮೇಷ್ಟ್ರ ಬಾಯಿಂದ ಬಂದದ್ದು ಸಂವಿಧಾನದ ಪದವೇ. ಹುಡುಗನಿಗೆ ತಾಗಿದ್ದು ಎದ್ದು ನಿಲ್ಲಬೇಕಾದ್ದು. ಅರ್ಜಿಯನ್ನು ಆಫೀಸಿನ ಕಿಟಕಿಯಲ್ಲಿ ಕೊಡುವ ವ್ಯವಸ್ಥೆ ಮಾಡಿದರೆ ಈ ಪ್ರಸಂಗವೇ ಇರುವುದಿಲ್ಲ. ಎಷ್ಟೋ ಶಾಲೆಗಳು ಮಾಡಿವೆ.

ಹೊಲೆಯ ಎಂದರೆ ಹೊಲದವನು, ಮಾದಿಗ ಎಂದರೆ ಮಾತಂಗ ಋಷಿಯ ವಂಶದವನು ಎನ್ನುತ್ತಾರೆ. ಮೂಲದಲ್ಲಿ ಒಳ್ಳೆಯ ಅರ್ಥವೇ ಇದ್ದರೆ ಬೇಸರವೇಕೆ?

ಪದದ ಹುಟ್ಟನ್ನು ಹುಡುಕುವುದು ಪಂಡಿತರ ಕೆಲಸ, ಮಾಡಲಿ. ಚಾವಡಿಯಲ್ಲಿ ಬೈಸಿಕೊಳ್ಳುವವನು ವ್ಯುತ್ಪತ್ತಿ ಕೇಳಿಸಿಕೊಳ್ಳುತ್ತಿರುವುದಿಲ್ಲ.

ಬಸವಣ್ಣನವರೇ ಈ ಪದಗಳ ಅರ್ಥ ಬದಲಿಸಿದರಲ್ಲ?

ನಾನು ಕಾಯುವ ಪ್ರಶ್ನೆ ಇದು. "ಕೊಲ್ಲುವವನೇ ಮಾದಿಗ, ಹೊಲಸು ತಿಂಬವನೇ ಹೊಲೆಯ" ಎಂಬ ವಚನವನ್ನು ಎಲ್ಲರೂ ಶಾಲೆಯಲ್ಲಿ ಬಾಯಿಪಾಠ ಮಾಡಿರುತ್ತೇವೆ. ಹುಟ್ಟಿನಿಂದ ಯಾರೂ ಕೀಳಲ್ಲ, ನಡತೆಯಿಂದ ಕೀಳು ಎಂಬುದು ಅದರ ಹುರುಳು. ಹನ್ನೆರಡನೆಯ ಶತಮಾನದಲ್ಲಿ ಇದನ್ನು ಹೇಳಲು ಎಂಟೆದೆ ಬೇಕು. ಪುರಂದರದಾಸರ "ಹೊಲೆಯ ಹೊರಗಿಹನೇ, ಊರೊಳಗಿಲ್ಲವೇ" ಕೂಡ ಇದೇ ದಾರಿ: ಕೆಟ್ಟವರ ಪಟ್ಟಿಯನ್ನು ಕೊಟ್ಟು, ಇವರೇ ನಿಜವಾದ ಹೊಲೆಯರು ಎನ್ನುತ್ತದೆ.

ಆದರೆ ನಿಧಾನವಾಗಿ ಇನ್ನೊಮ್ಮೆ ಓದಿ. ಬಾಣ ಬೇರೆಯವನ ಕಡೆಗೆ ತಿರುಗಿದೆ, ತುದಿಯ ವಿಷ ಹಾಗೆಯೇ ಇದೆ. ಕೊಲೆಗಡುಕನಿಗೆ ಮಾದಿಗ ಎಂಬ ಹೆಸರು ಕೊಟ್ಟಾಗ, ಮಾದಿಗ ಎನ್ನುವುದು ಬೈಗುಳವೇ ಎಂಬ ನಂಬಿಕೆ ಅಲುಗುವುದಿಲ್ಲ, ಬದಲಿಗೆ ಅದರ ಮೇಲೆಯೇ ಸಾಲು ನಿಲ್ಲುತ್ತದೆ. ಮಾದಿಗರ ಕೇರಿಯಿಂದ ಬಂದ ಮಗು ತರಗತಿಯಲ್ಲಿ ಇದನ್ನು ಗಟ್ಟಿಯಾಗಿ ಓದುವಾಗ ಅದರ ಕಿವಿಗೆ ಏನು ಬೀಳುತ್ತದೆ ಎಂದು ಪಠ್ಯಪುಸ್ತಕದವರು ಯೋಚಿಸಬೇಕಿತ್ತು.

ಬಸವಣ್ಣನವರದೇ ಬೇರೆ ವಚನಗಳಲ್ಲಿ ಇದಕ್ಕಿಂತ ಆಳವಾದ ಕೆಲಸ ನಡೆದಿದೆ. ಮಾದಾರ ಚೆನ್ನಯ್ಯನನ್ನು, ಡೋಹರ ಕಕ್ಕಯ್ಯನನ್ನು ಅವರು ತಮ್ಮ ಹಿರಿಯರೆಂದು, ಅಪ್ಪನೆಂದು, ಬೊಪ್ಪನೆಂದು ಕರೆದುಕೊಂಡರು. ಅಲ್ಲಿ ಜಾತಿಯ ಹೆಸರು ಹಾಗೆಯೇ ಉಳಿದು ಅದರ ಪಕ್ಕದಲ್ಲಿ ಅಪ್ಪ ಬಂದು ನಿಂತ. ಕಲ್ಯಾಣದಲ್ಲಿ ಗಲಭೆ ಎದ್ದದ್ದು ಪದಗಳ ಅರ್ಥ ಬದಲಾದದ್ದಕ್ಕಲ್ಲ, ಜಾತಿ ಮೀರಿದ ಮದುವೆಯ ಮಾತು ಬಂದದ್ದಕ್ಕೆ ಎಂಬ ಪರಂಪರೆಯ ಕಥೆಯನ್ನೂ ಇದರ ಜೊತೆಗಿಟ್ಟು ನೋಡಬೇಕು.

ಸಮುದಾಯದವರು ತಾವೇ ಆ ಪದವನ್ನು ಹೆಮ್ಮೆಯಿಂದ ಎತ್ತಿಕೊಂಡರೆ?

ಇದು ಎಲ್ಲಕ್ಕಿಂತ ಬಲವಾದ ದಾರಿ. ಆದರೆ ಈ ದಾರಿಯ ಬಗ್ಗೆ ಸಮುದಾಯಗಳ ಒಳಗೇ ಒಮ್ಮತ ಎಂದೂ ಇರಲಿಲ್ಲ. 1893ರಲ್ಲಿ ಮದರಾಸಿನಲ್ಲಿ ರೆಟ್ಟೈಮಲೈ ಶ್ರೀನಿವಾಸನ್ 'ಪರೈಯನ್' ಎಂಬ ತಮ್ಮ ಜಾತಿಯ ಹೆಸರಿನಲ್ಲೇ ಪತ್ರಿಕೆ ತಂದರು. ಯಾವ ಹೆಸರು ಹಿಡಿದು ಊರು ಬೈಯುತ್ತದೆಯೋ ಅದು ಮುಖಪುಟದ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾಯಿತು. ಅವರದೇ ಕಾಲದ ಅಯೋತಿದಾಸರು ಇದನ್ನು ಒಪ್ಪಲಿಲ್ಲ. ಆ ಹೆಸರು ವೈರಿಗಳು ಹಚ್ಚಿದ ಮಸಿ, ನಾವು ಮೂಲದಲ್ಲಿ ಬೌದ್ಧರು ಎನ್ನುವುದು ಅವರ ವಾದ. 1907ರಲ್ಲಿ ಅವರು ಶುರುಮಾಡಿದ ಪತ್ರಿಕೆಯ ಹೆಸರಿನಲ್ಲಿ 'ತಮಿಳನ್' ಇತ್ತು. ಅವರ ಬೌದ್ಧ ಸಂಘದ ಶಾಖೆ ನಮ್ಮ ಕೋಲಾರ ಚಿನ್ನದ ಗಣಿಯ ಮಾರಿಕುಪ್ಪಂನಲ್ಲೂ ನಡೆಯಿತು. ಒಂದೇ ಜನ, ಒಂದೇ ಗಾಯ, ಇಬ್ಬರು ಹಿರಿಯರ ಎರಡು ಮದ್ದು. ನೂರು ವರ್ಷ ದಾಟಿದರೂ ಆ ಜಗಳ ಇತ್ಯರ್ಥವಾಗಿಲ್ಲ. ಆಗಬೇಕಾದ ಅಗತ್ಯವೂ ನನಗೆ ಕಾಣುವುದಿಲ್ಲ.

ಕನ್ನಡದಲ್ಲಿ ಆ ಕ್ಷಣ 1975ರಲ್ಲಿ ಬಂತು. ಸಿದ್ಧಲಿಂಗಯ್ಯನವರ ಮೊದಲ ಕವನ ಸಂಕಲನದ ಹೆಸರೇ 'ಹೊಲೆಮಾದಿಗರ ಹಾಡು'. ಅಲ್ಲಿಯವರೆಗೆ ಮಗುವನ್ನು ಗದರಿಸಲು ಬಳಸುತ್ತಿದ್ದ ಜೋಡಿಪದ ಪುಸ್ತಕದಂಗಡಿಯ ಕಪಾಟಿಗೆ ಬಂತು. ಓದುಗರು ಅಂಗಡಿಯವನ ಮುಂದೆ ನಿಂತು ಆ ಪದವನ್ನು ಬೈಗುಳವಾಗಿಸದೆ ಉಚ್ಚರಿಸಬೇಕಾಯಿತು. ಎಷ್ಟು ಜನರಿಗೆ ಅದು ಬದುಕಿನಲ್ಲಿ ಮೊದಲ ಸಲವೋ!

ಆಂಧ್ರದ ಪ್ರಕಾಶಂ ಜಿಲ್ಲೆಯಲ್ಲಿ 1994ರಲ್ಲಿ ಹುಟ್ಟಿದ ಮಾದಿಗ ದಂಡೋರ ಚಳವಳಿ ಇನ್ನೂ ಮುಂದೆ ಹೋಯಿತು. ಮಂದ ಕೃಷ್ಣ ಮಾದಿಗ ಅವರಿಂದ ಶುರುವಾಗಿ ಸಾವಿರಾರು ಜನ ಹೆಸರಿನ ಕೊನೆಗೆ ಮಾದಿಗ ಎಂದು ಸೇರಿಸಿಕೊಂಡರು. ರೆಡ್ಡಿ, ಶರ್ಮಾ ಎಂದು ಬರೆದುಕೊಳ್ಳುವ ಕಡೆ ಇವರೂ ಬರೆದುಕೊಂಡರು. ದಂಡೋರ ಎಂದರೆ ಡಂಗುರ. ಊರಿನ ಅಪ್ಪಣೆಯಂತೆ ಡಂಗುರ ಸಾರಬೇಕಾದ ಚಾಕರಿ ಹಿಂದೆ ಅವರ ತಲೆಯ ಮೇಲಿತ್ತು, ಈಗ ಅದೇ ತಮಟೆ ಅವರ ಬೇಡಿಕೆಗೆ ಮೊಳಗಿತು. ಈ ಚಳವಳಿ ಹೆಸರಿಗೆ ನಿಲ್ಲಲಿಲ್ಲ ಎಂಬುದು ಮುಖ್ಯ. ಒಳಮೀಸಲಾತಿ, ಅಂದರೆ ಪರಿಶಿಷ್ಟ ಜಾತಿಗಳ ಮೀಸಲಾತಿಯನ್ನು ಅವುಗಳ ಒಳಗೇ ಪಾಲು ಮಾಡಿ ಕೊಡುವುದು, ಎಂಬ ನಿರ್ದಿಷ್ಟ ಬೇಡಿಕೆ ಅದಕ್ಕಿತ್ತು. ಮೂವತ್ತು ವರ್ಷಗಳ ನಂತರ, 2024ರ ಆಗಸ್ಟ್ 1ರಂದು, ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಒಳವರ್ಗೀಕರಣ ಮಾಡಬಹುದು ಎಂದು ತೀರ್ಪು ಕೊಟ್ಟಿತು.

ಇಷ್ಟಾದ ಮೇಲೂ ಬೇರೆಯವರ ಬಾಯಲ್ಲಿ ಪದ ಸಪ್ಪಗಾಗಿಲ್ಲ. ಬೈಸಿಕೊಂಡವನು ತಲೆ ತಗ್ಗಿಸುವ ಬದಲು ತಿರುಗಿ ನಿಲ್ಲುತ್ತಾನೆ, ಅದು ಗೆಲುವೇ. ಬೈದವನ ಉದ್ದೇಶ ಮಾತ್ರ ಹಾಗೆಯೇ ಉಳಿದಿದೆ. ಅಮೆರಿಕದಲ್ಲಿಯೂ ಹೀಗೆಯೇ: 2007ರಲ್ಲಿ ಡೆಟ್ರಾಯಿಟ್‌ನಲ್ಲಿ ಅಲ್ಲಿನ ಕರಿಯ ಜನರ ಹಳೆಯ ಸಂಸ್ಥೆಯೊಂದು 'ಎನ್' ಪದಕ್ಕೆ ಶವಪೆಟ್ಟಿಗೆ ಕಟ್ಟಿ ಸಾಂಕೇತಿಕ ಅಂತ್ಯಕ್ರಿಯೆಯನ್ನೇ ನಡೆಸಿತು. ಗೆಳೆಯರ ನಡುವೆ ಸಲುಗೆಯ ಮಾತಾಗಿ, ಹಾಡುಗಳ ಸಾಲಾಗಿ, ಬೀದಿಯಲ್ಲಿ ಬೈಗುಳವಾಗಿ ಪದ ಇನ್ನೂ ಓಡಾಡಿಕೊಂಡಿದೆ.

ಅವರೇ ಬಳಸುತ್ತಾರೆ ಎಂದಮೇಲೆ ನಾನು ಬಳಸಿದರೆ ತಪ್ಪೇನು?

ನಿಮ್ಮ ತಾಯಿ ನಿಮ್ಮನ್ನು ಕತ್ತೆ ಎನ್ನುತ್ತಾರೆ. ಕಚೇರಿಯ ಮೇಲಧಿಕಾರಿ ಅಂದರೆ ರಾಜೀನಾಮೆ ಬರೆಯುತ್ತೀರಿ.

ಗಾದೆ ಮಾತುಗಳನ್ನೂ ಬಿಡಬೇಕೆ? ಅವು ನಮ್ಮ ಜನಪದದ ಆಸ್ತಿಯಲ್ಲವೇ?

2023ರ ಆಗಸ್ಟ್‌ನಲ್ಲಿ ಕನ್ನಡದ ಪ್ರಸಿದ್ಧ ನಟರೊಬ್ಬರು ನೇರ ಪ್ರಸಾರದಲ್ಲಿ ಮಾತಾಡುತ್ತ "ಊರೆಂದರೆ ಹೊಲಗೇರಿ ಇರುತ್ತದೆ" ಎಂಬರ್ಥದ ಗಾದೆ ಬಳಸಿದರು. ಟೀಕಾಕಾರರು ಎಲ್ಲ ಕಡೆ ಇರುತ್ತಾರೆ ಎಂದು ಹೇಳಲು ಹೊರಟಿದ್ದರು. ಬೆಂಗಳೂರಿನಲ್ಲಿ ಪೊಲೀಸ್ ದೂರುಗಳು ದಾಖಲಾದವು, ಅವರು ಕ್ಷಮೆ ಕೇಳಿ ವಿಡಿಯೊ ಅಳಿಸಿದರು, ಹೈಕೋರ್ಟ್ ಪ್ರಕರಣಕ್ಕೆ ತಡೆಯಾಜ್ಞೆ ಕೊಟ್ಟಿತು. ಅವರು ಯಾರನ್ನೂ ಎದುರಿಗಿಟ್ಟುಕೊಂಡು ಬೈದಿರಲಿಲ್ಲ ಎಂಬುದು ನಿಜ. ಆದರೆ ಗಾದೆಯೊಳಗೆ ಕೂತಿರುವ ಲೆಕ್ಕವನ್ನು ನೋಡಿ: ಊರು ಒಳ್ಳೆಯದು, ಹೊಲಗೇರಿ ಅದಕ್ಕಂಟಿದ ಕೊಳೆ, ಸಹಿಸಿಕೊಳ್ಳಬೇಕು. ಗಾದೆ ಆಡುವವನಿಗೆ ಇದನ್ನು ಯೋಚಿಸುವ ಅಗತ್ಯವೇ ಬೀಳುವುದಿಲ್ಲ, ಅವನಿಗಾಗಿ ಹಿಂದಿನವರು ಯೋಚಿಸಿ ಮುಗಿಸಿದ್ದಾರೆ.

ನನ್ನನ್ನು ಕೇಳಿದರೆ, ಇಂಥ ಗಾದೆಗಳು ಸಂಗ್ರಹದ ಪುಸ್ತಕಗಳಲ್ಲಿ ಇರಲಿ, ಅಳಿಸಬಾರದು. ಅವು ನಮ್ಮ ಹಿರಿಯರು ಹೇಗೆ ಬದುಕಿದರು ಎಂಬುದಕ್ಕೆ ಸಾಕ್ಷಿ. ಮಾತಿನ ನಡುವೆ ಒಗ್ಗರಣೆಯಾಗಿ ಹಾಕಬೇಕಾಗಿಲ್ಲ. ಕನ್ನಡದಲ್ಲಿ ಗಾದೆಗಳಿಗೇನೂ ಬರವಿಲ್ಲ.

ಆ ಸಮುದಾಯದವರು ಯಾರೂ ಇಲ್ಲದ ಜಾಗದಲ್ಲಿ ಆಡಿದರೆ ಯಾರಿಗೆ ನೋವು?

ಮಳೆಗಾಲದಲ್ಲಿ ಆಡಿ ಬಂದ ಮಗು ಕೆಸರುಗಾಲಲ್ಲಿ ನಡುಮನೆಗೆ ಕಾಲಿಡುತ್ತದೆ. ಅಜ್ಜಿ "ಏನಿದು ಹೊಲೆಯರ ಥರ" ಎನ್ನುತ್ತಾರೆ. ಮನೆಯಲ್ಲಿ ಎಲ್ಲರೂ ತಮ್ಮವರೇ, ಕೇಳಿ ನೊಂದುಕೊಳ್ಳುವವರು ಯಾರೂ ಇಲ್ಲ. ಐದು ವರ್ಷದ ಮಗು ಇನ್ನೂ ಯಾವ ಹೊಲೆಯರನ್ನೂ ಕಂಡಿಲ್ಲ. ಆದರೂ ಅವರು ಹೇಗಿರುತ್ತಾರೆ ಎಂದು ಆ ಸಂಜೆ ಅದಕ್ಕೆ ಗೊತ್ತಾಯಿತು. ಬೈಗುಳಕ್ಕೆ ಸಾಣೆ ಹಿಡಿಯುವುದು ಇಂಥ ಕಡೆ. ಬೀದಿಯಲ್ಲಿ ಅದು ಬಳಕೆಗೆ ಬರುವುದು ಎಷ್ಟೋ ವರ್ಷಗಳ ನಂತರ.

ನನಗೆ ನೋಯಿಸುವ ಉದ್ದೇಶ ಇರಲಿಲ್ಲ, ಪ್ರೀತಿಯಿಂದ ಕರೆದೆ. ಅದೂ ತಪ್ಪೇ? 'ಕರಿಯ' ಎಂದರೂ ತಪ್ಪೇ?

'ಕರಿಯ' ಒಳ್ಳೆಯ ಉದಾಹರಣೆ, ಏಕೆಂದರೆ ಕನ್ನಡದಲ್ಲಿ ಅದು ಬೈಗುಳವಾಗಿ ಹುಟ್ಟಿದ್ದಲ್ಲ. ಕರಿಯಮ್ಮ ದೇವತೆ, ಕರಿಯಪ್ಪ, ಕರಿಬಸಪ್ಪ ಮನೆಮನೆಯ ಹೆಸರುಗಳು. ಹಳ್ಳಿಯಲ್ಲಿ ಅಣ್ಣ ತಮ್ಮನನ್ನು "ಲೋ ಕರಿಯಾ" ಎಂದು ಕೂಗಿದರೆ ಅಲ್ಲಿ ಸಲಿಗೆಯೇ ಹೆಚ್ಚು.

ಅದೇ ಮಾತು ಬೆಂಗಳೂರಿನ ರಸ್ತೆಯಲ್ಲಿ ಆಫ್ರಿಕಾದ ವಿದ್ಯಾರ್ಥಿಯ ಬೆನ್ನಿಗೆ ಬಿದ್ದಾಗ ಲೆಕ್ಕ ಬೇರೆ. 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಸುಡಾನಿನ ಯುವಕನೊಬ್ಬನ ಕಾರು ಅಪಘಾತಕ್ಕೆ ಕಾರಣವಾದ ಮೇಲೆ, ಅದಕ್ಕೆ ಯಾವ ಸಂಬಂಧವೂ ಇಲ್ಲದೆ ಆ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಬಿತ್ತು. ಬಣ್ಣವೊಂದೇ ಸಾಕಾಯಿತು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಕಡೆಯ, ಆಫ್ರಿಕಾ ಮೂಲದ ಸಿದ್ದಿಗಳು ತಲೆತಲಾಂತರದಿಂದ ಇಲ್ಲಿಯವರೇ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಪೇಟೆಗೆ ಬಂದರೆ ಅವರನ್ನೂ ಯಾವ ದೇಶ ಎಂದು ಕೇಳುವವರಿದ್ದಾರೆ. ಅವರು ನಮಗಿಂತ ಚೆನ್ನಾದ ಕನ್ನಡದಲ್ಲಿ ಉತ್ತರ ಕೊಡುತ್ತಾರೆ.

ಉದ್ದೇಶದ ಬಗ್ಗೆ: ವೆಸ್ಟ್ ಇಂಡೀಸ್ ಕ್ರಿಕೆಟಿಗ ಡ್ಯಾರೆನ್ ಸ್ಯಾಮಿ ಐಪಿಎಲ್‌ನಲ್ಲಿ ಹೈದರಾಬಾದ್ ಪರ ಆಡುವಾಗ ಕೆಲವು ಜೊತೆಗಾರರು ಅವರನ್ನು 'ಕಾಲೂ' ಎಂದು ಕರೆಯುತ್ತಿದ್ದರು. ಗಟ್ಟಿಮುಟ್ಟಾದ ಕುದುರೆ ಎಂಬರ್ಥವಿರಬೇಕು ಎಂದುಕೊಂಡು ಅವರೂ ನಗುತ್ತಿದ್ದರು. 'ಕರಿಯ' ಎಂಬ ನಿಜವಾದ ಅರ್ಥ ತಿಳಿದದ್ದು 2020ರ ಜೂನ್‌ನಲ್ಲಿ, ಸಿಟ್ಟಾದರು. ನಂತರ ಒಬ್ಬ ಜೊತೆಗಾರ ಮಾತಾಡಿ, ಪ್ರೀತಿಯಿಂದ ಕರೆದದ್ದು ಎಂದಾಗ ಅದನ್ನು ನಂಬಿದ್ದಾಗಿಯೂ ಸ್ಯಾಮಿ ಹೇಳಿದರು. ಪ್ರೀತಿ ಇದ್ದದ್ದು ಸುಳ್ಳಾಗಿರಲಿಕ್ಕಿಲ್ಲ. ಆದರೆ ಇಡೀ ಕೋಣೆಗೆ ಗೊತ್ತಿರುವ ಅರ್ಥ ಒಬ್ಬನಿಗೆ ಮಾತ್ರ ಗೊತ್ತಿಲ್ಲದಿರುವಾಗ ನಡೆಯುವ ತಮಾಷೆಗೆ ಏನೆನ್ನಬೇಕು?

ಇಂಗ್ಲಿಷಿನಲ್ಲಿ 'ಪರೈಯಾ' ಎಂದು ರಾಜಾರೋಷವಾಗಿ ಬರೆಯುತ್ತಾರೆ. ಅದು ಶಕ್ತಿ ಕಳೆದುಕೊಂಡ ಬೈಗುಳವಲ್ಲವೇ?

ಲಂಡನ್ನಿನಲ್ಲಿ ಕಳೆದುಕೊಂಡಿದೆ. ತಮಿಳುನಾಡಿನ ಪರೈ ವಾದ್ಯದವರ ಜಾತಿಯ ಹೆಸರು ವಸಾಹತು ಕಾಲದಲ್ಲಿ ಹಡಗು ಹತ್ತಿ ಹೋಗಿ, ಎಲ್ಲರೂ ದೂರವಿಟ್ಟವನು ಎಂಬ ಅರ್ಥ ಪಡೆಯಿತು. ಯಾವುದೋ ದೇಶಕ್ಕೆ ದಿಗ್ಬಂಧನ ಹಾಕಿದಾಗ ಪತ್ರಿಕೆಗಳು ಅದನ್ನು 'ಪರೈಯಾ' ದೇಶ ಎನ್ನುತ್ತವೆ, ಬರೆದವನಿಗೆ ಯಾವ ಕೇರಿಯೂ ಕಣ್ಣಮುಂದೆ ಬರುವುದಿಲ್ಲ. ಚೆನ್ನೈಯಲ್ಲಿ ಅದೇ ಪತ್ರಿಕೆ ಓದುವ ಪರೈಯರ್ ಮನೆತನದ ಹುಡುಗಿಗೆ ಬರುತ್ತದೆ. ಹಾಗಾಗಿ ಪದ ತಣ್ಣಗಾಗಿದೆಯೇ ಎಂದು ಕೇಳುವಾಗ ಯಾವ ಊರಿನಲ್ಲಿ ಎಂದೂ ಸೇರಿಸಿ ಕೇಳಬೇಕು. ಭಾರತದ ಇಂಗ್ಲಿಷ್ ಪತ್ರಿಕೆಗಳು ಇದನ್ನು ಇನ್ನೂ ಬಿಟ್ಟಿಲ್ಲದಿರುವುದು ನನಗೆ ಸೋಮಾರಿತನವಾಗಿ ಕಾಣುತ್ತದೆ.

ಕಾನೂನು ಏನು ಹೇಳುತ್ತದೆ?

ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆ 1989ರದ್ದು. 2016ರ ಜನವರಿಯಲ್ಲಿ ಜಾರಿಗೆ ಬಂದ ತಿದ್ದುಪಡಿಯ ನಂತರ, ಸಾರ್ವಜನಿಕರಿಗೆ ಕಾಣುವ ಜಾಗದಲ್ಲಿ ಪರಿಶಿಷ್ಟರನ್ನು ಜಾತಿಯ ಹೆಸರು ಹಿಡಿದು ನಿಂದಿಸುವುದು ಪ್ರತ್ಯೇಕ ಅಪರಾಧ. ಪರಿಶಿಷ್ಟರಲ್ಲದವರು ಎಸಗಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಶಿಕ್ಷೆ ಮತ್ತು ದಂಡ.

ಕೋರ್ಟಿನಲ್ಲಿ ಹೆಚ್ಚು ಗುದ್ದಾಟ ನಡೆಯುವುದು 'ಸಾರ್ವಜನಿಕರಿಗೆ ಕಾಣುವ ಜಾಗ' ಯಾವುದು ಎಂಬುದರ ಮೇಲೆ. ಮನೆಯ ಗೇಟಿನ ಬಳಿ ನಿಂತು ಬೈದರೆ ಅದು ಸೇರುತ್ತದೆ ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹೊರಗಿನವರಾರೂ ಇಲ್ಲದ ನಾಲ್ಕು ಗೋಡೆಯ ಒಳಗೆ ಬೈದರೆ ಸೇರದು ಎಂದು 2020ರಲ್ಲಿ. ಪರಿಶಿಷ್ಟ ವ್ಯಕ್ತಿಯನ್ನು ಬೈದ ಮಾತ್ರಕ್ಕೆ ಈ ಕಾಯ್ದೆ ಅನ್ವಯಿಸದು, ಆ ಅವಮಾನದ ಬೇರು ಜಾತಿಯಲ್ಲಿರಬೇಕು ಎಂದು 2024ರಲ್ಲಿ.

ನಮ್ಮ ಚರ್ಚೆಗೆ ಹೆಚ್ಚು ಹತ್ತಿರವಾದದ್ದು 2011ರ ತಮಿಳುನಾಡಿನ ಪ್ರಕರಣ. 'ಪಳ್ಳನ್' ಎಂಬುದು ಒಂದು ಜಾತಿಯ ಹೆಸರೇ ಆದರೂ ಅವಮಾನಿಸಲೂ ಅದನ್ನು ಬಳಸುತ್ತಾರೆ ಎಂದು ಸುಪ್ರೀಂ ಕೋರ್ಟ್ ಗುರುತಿಸಿತು. ಅಮೆರಿಕದಲ್ಲಿ ಐವತ್ತು ವರ್ಷ ಹಿಂದೆ ನಡೆಯುತ್ತಿದ್ದ ಪದ ಇಂದು ನಡೆಯದು ಎಂಬ ಹೋಲಿಕೆಯನ್ನೂ ಕೊಟ್ಟಿತು. ಅಂದರೆ ಬೈಗುಳಗಳು ಮೊಂಡಾಗುವುದಷ್ಟೇ ಅಲ್ಲ, ಹರಿತವೂ ಆಗುತ್ತವೆ. ಹಿಂದೆ ಸಹಿಸಿಕೊಂಡವರ ಮಕ್ಕಳು ಓದಿ, ದುಡಿದು, ದನಿ ಪಡೆದಾಗ ಅದೇ ಪದ ಸಹಿಸಲಾಗದ್ದಾಗುತ್ತದೆ. ಈಗಿನವರಿಗೆ ಸೂಕ್ಷ್ಮ ಹೆಚ್ಚಾಯಿತು ಎಂದು ಗೊಣಗುವವರು ಇದನ್ನು ನೆನಪಿಡಬಹುದು. ಹಿಂದಿನವರಿಗೂ ನೋವಾಗುತ್ತಿತ್ತು, ಹೇಳಿಕೊಳ್ಳಲು ಜಾಗವಿರಲಿಲ್ಲ.

2025ರ ಪರಿಶಿಷ್ಟ ಜಾತಿಗಳ ಸಮೀಕ್ಷೆಯಲ್ಲಿ ಮೂಲ ಜಾತಿಯನ್ನು ಹೇಳಿ ಎಂದು ಕೇಳಿದರಲ್ಲ, ಅದೇಕೆ?

ಮೇಲೆ ಹೇಳಿದ 'ಆದಿ ಕರ್ನಾಟಕ', 'ಆದಿ ದ್ರಾವಿಡ'ಗಳ ಇನ್ನೊಂದು ಮುಖ ಇದು. ಕೆಲವು ಜಿಲ್ಲೆಗಳಲ್ಲಿ ಬಲಗೈಯವರು (ಹೊಲೆಯರು), ಇನ್ನು ಕೆಲವು ಕಡೆ ಎಡಗೈಯವರು (ಮಾದಿಗರು) ಈ ಹೆಸರುಗಳನ್ನು ಬರೆಸಿಕೊಂಡಿದ್ದರು. ಒಳಮೀಸಲಾತಿ ಹಂಚಬೇಕೆಂದರೆ ಯಾರು ಯಾರೆಂದು ತಿಳಿಯಬೇಕು. ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ ಮನೆಮನೆ ಸಮೀಕ್ಷೆ ನಡೆಸಿತು. ಆಗಸ್ಟ್‌ನಲ್ಲಿ ರಾಜ್ಯ ಸಚಿವ ಸಂಪುಟ ಶೇ 17ರ ಮೀಸಲಾತಿಯನ್ನು ಎಡಗೈಗೆ 6, ಬಲಗೈಗೆ 6, ಉಳಿದವರಿಗೆ 5 ಎಂದು ಹಂಚಲು ನಿರ್ಧರಿಸಿತು.

ಇದರ ನಡುವೆ ಬಾಡಿಗೆ ಮನೆಗಳ ಬಾಗಿಲಲ್ಲಿ ಏನಾಯಿತೆಂದು ಯೋಚಿಸಿ. ಬೆಂಗಳೂರಿನಲ್ಲಿ ಮನೆ ಹುಡುಕುವಾಗ ಮಾಲೀಕರು ಜಾತಿಯನ್ನು ನೇರವಾಗಿ ಕೇಳುವುದಿಲ್ಲ. "ನೀವು ಯಾವ ಕಡೆಯವರು", "ಮಾಂಸ ಮಾಡುತ್ತೀರಾ", "ಯಾವ ಜನ" ಎಂದು ಸುತ್ತಿ ಬಳಸುತ್ತಾರೆ. ಯಾವ ಪ್ರಶ್ನೆಯಲ್ಲಿಯೂ ಬೈಗುಳವಿಲ್ಲ. ಅರ್ಧ ಸತ್ಯ ಹೇಳಿ ಮನೆ ಹಿಡಿದ ಸಂಸಾರದ ಬಾಗಿಲಿಗೆ ಸಮೀಕ್ಷೆಯವರು ಬಂದು, ಕೆಳಗೆ ಮಾಲೀಕರು ಗಿಡಕ್ಕೆ ನೀರು ಹಾಕುತ್ತಿರುವಾಗ, ಮೂಲ ಜಾತಿ ಹೇಳಿ ಎಂದರೆ ಏನು ಮಾಡುತ್ತಾರೆ? ಹೇಳಿದರೆ ಮನೆ ಹೋಗಬಹುದು, ಹೇಳದಿದ್ದರೆ ಪಾಲು ಹೋಗಬಹುದು. ಬೈಗುಳದ ಶಕ್ತಿ ಇನ್ನೂ ಎಷ್ಟಿದೆ ಎಂದು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಗೊತ್ತಿಲ್ಲ. ಆಯೋಗ ಆನ್‌ಲೈನಿನಲ್ಲಿ, ಶಿಬಿರಗಳಲ್ಲಿ ಹೇಳುವ ಅವಕಾಶವನ್ನೂ ಕೊಟ್ಟಿತ್ತು, ಕೊಡದೆ ವಿಧಿಯಿರಲಿಲ್ಲ.

ಪಟ್ಟಿಯಲ್ಲಿರುವ ಹೆಸರನ್ನೇ ಬದಲಿಸಬಹುದೇ? ಯಾರನ್ನು ಕೇಳಬೇಕು?

ರಾಜ್ಯ ಸರ್ಕಾರ ಶಿಫಾರಸು ಮಾಡಬಹುದು, ಬದಲಿಸಲಾರದು. ಸಂವಿಧಾನದ 341ನೆಯ ವಿಧಿಯ ಪ್ರಕಾರ ಪರಿಶಿಷ್ಟ ಜಾತಿಗಳ ಪಟ್ಟಿಗೆ ಸೇರಿಸುವ, ತೆಗೆಯುವ ಅಧಿಕಾರ ಸಂಸತ್ತಿಗೆ ಮಾತ್ರ. ತಹಶೀಲ್ದಾರರ ಮೇಲೆ ರೇಗಿ ಪ್ರಯೋಜನವಿಲ್ಲ, ಪಟ್ಟಿಯಲ್ಲಿ ಇದ್ದದ್ದನ್ನೇ ಅವರು ಅಚ್ಚು ಹಾಕಿಸಬೇಕು.

ಹೆಸರು ಬದಲಾದ ಉದಾಹರಣೆ ಇದೆ. 2011ರ ತೀರ್ಪಿನಲ್ಲಿ ಬಂದ ಅದೇ ಪಳ್ಳನ್ ಸಮುದಾಯ, ಇನ್ನಾರು ಸಮುದಾಯಗಳ ಜೊತೆಗೆ, ತಮ್ಮನ್ನು ದೇವೇಂದ್ರಕುಲ ವೇಳಾಳರ್ ಎಂಬ ಒಂದೇ ಹೆಸರಿನಿಂದ ಕರೆಯಬೇಕೆಂದು ಬಹಳ ಕಾಲ ಒತ್ತಾಯಿಸಿತು. 2021ರಲ್ಲಿ ಸಂಸತ್ತು ತಿದ್ದುಪಡಿ ಕಾಯ್ದೆ ಮಾಡಿ ಒಪ್ಪಿತು. ವೇಳಾಳ ಎಂಬುದು ಅಲ್ಲಿ ಭೂಮಿ ಉಳ್ಳವರ ಹೆಸರು, ಹಾಗಾಗಿ ಹಳೆಯ ವೇಳಾಳರ ಸಂಘಟನೆಗಳು ಇದಕ್ಕೆ ಆಕ್ಷೇಪ ಎತ್ತಿದವು. ಸಮುದಾಯದ ಒಂದು ಬಣ ಇನ್ನೂ ಮುಂದೆ ಹೋಗಿ, ಹೆಸರು ಬದಲಿಸಿದ್ದು ಸಾಲದು, ಪರಿಶಿಷ್ಟರ ಪಟ್ಟಿಯಿಂದಲೇ ನಮ್ಮನ್ನು ಹೊರಗೆ ತನ್ನಿ ಎಂದು ಕೇಳುತ್ತಿದೆ. ಅದೇ ಸಮುದಾಯದ ಇನ್ನು ಕೆಲವರು ಪಟ್ಟಿ ಬಿಟ್ಟರೆ ಮಕ್ಕಳ ಓದು, ನೌಕರಿಗೆ ಯಾರು ಹೊಣೆ ಎನ್ನುತ್ತಾರೆ. ಕಾಯ್ದೆ ಜಾರಿಯಲ್ಲಿದೆ, ವಾದ ನಡೆಯುತ್ತಿದೆ.